ಮೂರು ಪೈನ್ ಮರಗಳ ಕೆಳಗೆ

ಮಾಸ್ಕೋ ನಗರದ ನೈಋತ್ಯಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ, ಪೈನ್ ಮತ್ತು ಬರ್ಚ್ ಮರಗಳ ನಡುವೆ, ಪೆರೆಡೆಲ್ಕಿನೋ ಎಂಬ ಹಳ್ಳಿಯಿದೆ. 1930ರ ದಶಕದಲ್ಲಿ ಸೋವಿಯತ್ ಆಡಳಿತವು ಲೇಖಕರಿಗೆಂದೇ ಇಲ್ಲಿ ಮನೆಗಳನ್ನು ಕಟ್ಟಿಸಿತು. ವಾಸ ಲೇಖಕರದು, ಒಡೆತನ ಮಾತ್ರ ಸರಕಾರದ ಕೃಪೆಯಲ್ಲಿದ್ದ ಸಾಹಿತ್ಯ ನಿಧಿಯದು. ಕೊಟ್ಟ ಕೈಯೇ ಕಿತ್ತುಕೊಳ್ಳಬಲ್ಲದೆಂಬುದನ್ನು ಅಲ್ಲಿಯ ನಿವಾಸಿಗಳೆಲ್ಲರೂ ಬಲ್ಲರು.

ಇಂಥ ಮನೆಗಳಲ್ಲೊಂದು, ಹಡಗಿನ ಮುಂಭಾಗದಂತೆ ದುಂಡಗೆ ಚಾಚಿಕೊಂಡ ಎರಡಂತಸ್ತಿನ ಮರದ ಮನೆ, 1939ರಿಂದ ಕವಿ ಬೋರಿಸ್ ಪಾಸ್ಟರ್ನಾಕನ ನೆಲೆಯಾಯಿತು. ಹಿತ್ತಿಲಲ್ಲಿ ಆತನೇ ಅಗೆದು ಆಲೂಗೆಡ್ಡೆ ಬೆಳೆಯುತ್ತಿದ್ದ. ಮಹಡಿಯ ಕೋಣೆಯಲ್ಲಿ ಆಡಂಬರವಿಲ್ಲ. ಒಂದು ಮೇಜು, ಕೆಲವು ಪುಸ್ತಕ, ಕಿಟಕಿಯಾಚೆ ವಿಶಾಲವಾದ ಬಯಲು. ಕ್ರಾಂತಿಯ ಬಿರುಗಾಳಿಗೆ ಸಿಕ್ಕಿದ ವೈದ್ಯನೊಬ್ಬನ ಕಥೆ ‘ಡಾಕ್ಟರ್ ಜಿವಾಗೋ’ 1955ರಲ್ಲಿ ಮುಗಿಯಿತು. ‘ನೋವಿ ಮೀರ್’ ಪತ್ರಿಕೆ ಅದನ್ನು ತಿರಸ್ಕರಿಸಿತು. ಆದರೆ ಹಸ್ತಪ್ರತಿಯೊಂದು ಅಷ್ಟರಲ್ಲೇ ಈ ಹಳ್ಳಿಯಿಂದ ಗಡಿ ದಾಟಿತ್ತು; 1957ರ ನವೆಂಬರಿನಲ್ಲಿ ಇಟಲಿಯ ಮಿಲಾನಿನಲ್ಲಿ ಗ್ರಂಥವಾಗಿ ಹೊರಬಂದಿತು.

1958ರ ಅಕ್ಟೋಬರ್ 23ರಂದು ನೊಬೆಲ್ ಪಾರಿತೋಷಕದ ವಾರ್ತೆ ಬಂದಿತು. ನೆರೆಮನೆಯ ಹಿರಿಯ ಲೇಖಕ ಚುಕೋವ್‌ಸ್ಕಿ ಬಂದು ಅಭಿನಂದಿಸಿದ. ಹರ್ಷ ನಿಂತದ್ದು ನಾಲ್ಕೇ ದಿನ! 27ರಂದು ಲೇಖಕರ ಸಂಘ ಆತನನ್ನು ಹೊರಗಟ್ಟಿತು. ದೇಶದಿಂದಲೇ ತೊಲಗಲಿ ಎಂಬ ಕೂಗೆದ್ದಿತು. 29ರಂದು ಪಾಸ್ಟರ್ನಾಕ್ ಪಾರಿತೋಷಕವನ್ನು ನಿರಾಕರಿಸಿ ತಂತಿ ಕಳಿಸಿದ. ತಾಯ್ನಾಡನ್ನು ಬಿಡುವುದು ತನಗೆ ಮರಣಕ್ಕೆ ಸಮಾನವೆಂದು ಕ್ರುಶ್ಚೇವನಿಗೆ ಪತ್ರ ಬರೆದ. ಕೀರ್ತಿಯನ್ನು ತೊರೆದು ಮಣ್ಣನ್ನು ಉಳಿಸಿಕೊಂಡ.

1960ರ ಮೇ 30ರಂದು ಆತ ಅದೇ ಮನೆಯಲ್ಲಿ ಕಣ್ಣುಮುಚ್ಚಿದ. ಪತ್ರಿಕೆಯಲ್ಲಿ ಬಂದದ್ದು ಒಂದು ಚಿಕ್ಕ ಪ್ರಕಟಣೆ ಮಾತ್ರ. ಆದರೆ ಮಾಸ್ಕೋದ ಕೀವ್ ರೈಲು ನಿಲ್ದಾಣದಲ್ಲಿ ಯಾರೋ ಕೈಬರಹದ ಚೀಟಿ ಅಂಟಿಸಿ ಅಂತ್ಯಕ್ರಿಯೆಯ ದಿನವನ್ನು ತಿಳಿಸಿದರು. ಜೂನ್ 2ರಂದು ಜನ ತಂಡತಂಡವಾಗಿ ಬಂದರು. ತೆರೆದ ಶವಪೆಟ್ಟಿಗೆಯನ್ನು ಕೈಗಳ ಮೇಲೆ ಹೊತ್ತು, ಬಯಲಿನಾಚೆಯ ದಿಣ್ಣೆಯ ಸ್ಮಶಾನಕ್ಕೆ ಒಯ್ದು, ಮೂರು ಪೈನ್ ಮರಗಳ ಕೆಳಗೆ ಇಳಿಸಿದರು. ಪೆಟ್ಟಿಗೆಯ ಮುಚ್ಚಳವನ್ನು ಹೊತ್ತವರು ಸಿನ್ಯಾವ್‌ಸ್ಕಿ ಮತ್ತು ದನಿಯೇಲ್. ಹೊರದೇಶದಲ್ಲಿ ತಮ್ಮ ಬರಹಗಳನ್ನು ಅಚ್ಚು ಹಾಕಿಸಿದ್ದಕ್ಕಾಗಿ 1966ರಲ್ಲಿ ಆ ಇಬ್ಬರೂ ಶ್ರಮಶಿಬಿರದ ಶಿಕ್ಷೆಗೆ ಗುರಿಯಾದರು.

1984ರಲ್ಲಿ ಪಾಸ್ಟರ್ನಾಕನ ಕುಟುಂಬವನ್ನು ಮನೆಯಿಂದ ತೆರವುಗೊಳಿಸಲಾಯಿತು. ಆದರೆ ಕಾಲಚಕ್ರ ತಿರುಗಿತು. 1988ರಲ್ಲಿ ಕಾದಂಬರಿಯು ಹಿಂದೆ ಅದನ್ನು ತಿರಸ್ಕರಿಸಿದ್ದ ‘ನೋವಿ ಮೀರ್’ನಲ್ಲಿಯೇ ಪ್ರಕಟವಾಯಿತು, ಮರುವರ್ಷ ಮಗನು ತಂದೆಯ ಪದಕವನ್ನು ಸ್ವೀಕರಿಸಿದ. 1990ರಲ್ಲಿ, ಕವಿಯ ಜನ್ಮಶತಾಬ್ದಿಯಂದು, ಮನೆ ವಸ್ತುಸಂಗ್ರಹಾಲಯವಾಯಿತು. ಗಡಿಯಾಚೆ ಹೋದ ಹಸ್ತಪ್ರತಿ ಮರಳಿ ಬರಲು ಮೂವತ್ತೆರಡು ವರ್ಷ ಹಿಡಿಯಿತು. ಕವಿ ಮಾತ್ರ ಎಲ್ಲಿಗೂ ಹೋಗಿರಲಿಲ್ಲ.