ಒಂದೇ ಮನೆ, ಎರಡು ಬ್ಯಾಂಡ್ (ಹಾಡಿನ ಹುಚ್ಚು – 6)

ಫೋಟೋ ನೋಡಿದ್ರಾ? ನಮ್ಮ ಕೊಕ್ಕಡದ ಸೌತಡ್ಕ. ಗುಡಿ ಇಲ್ಲ, ಮಾಡಿಲ್ಲ, ಬಯಲಲ್ಲೇ ಗಣಪತಿ. ಸುತ್ತ ಹರಕೆಯ ಗಂಟೆಗಳು. ಒಂದರ ದನಿ ಇನ್ನೊಂದಕ್ಕಿಲ್ಲ. ಅಲ್ಲಿ ಕೂತಾಗ ಯೋಚಿಸಿದ್ದನ್ನು ಇವತ್ತು ಹೇಳ್ತೇನೆ. ಸ್ವಲ್ಪ ಉದ್ದ ಉಂಟು, ಪೂರ್ತಿ ಓದಿ ಆಯ್ತಾ.

ನನ್ನ ಅಣ್ಣ ಭಜನೆಗೆ ಹಾಡಿದರೆ ಎಲ್ಲರೂ ತಲೆದೂಗುತ್ತಾರೆ. ನಾನು ಬಾಯಿ ತೆರೆದರೆ, "ಅಣ್ಣನ ಹಾಗೆ ಹಾಡು ಮಾರಾಯ." ಪಿಯುಸಿಗೆ ಬಂದ ಮೇಲೆ ಹಾಡುವುದನ್ನೇ ಬಿಟ್ಟೆ. ತಾಳ ಹಾಕುವುದು ಮಾತ್ರ.

ರಘು ದೀಕ್ಷಿತ್ ನಿಮಗೆಲ್ಲ ಗೊತ್ತು. ಸ್ವರಾತ್ಮ ಬ್ಯಾಂಡಿನ ವಾಸು ದೀಕ್ಷಿತ್ ಅವರ ತಮ್ಮ ಅಂತ ಗೊತ್ತುಂಟಾ? ನನಗೆ ಮೊನ್ನೆವರೆಗೆ ಗೊತ್ತಿರಲಿಲ್ಲ! ಇಬ್ಬರೂ ಮೈಸೂರಿನವರು. ಇಬ್ಬರದ್ದೂ ಜನಪದಕ್ಕೆ ರಾಕ್ ಸೇರಿಸಿದ ಸಂಗೀತ. ಆದರೆ ಕೇಳಿದರೆ ಬೇರೆ ಬೇರೆ.

ರಘು ಭರತನಾಟ್ಯ ಕಲಿತವರು, ಮೈಕ್ರೋಬಯಾಲಜಿ ಓದಿದವರು, ಗಿಟಾರ್ ತಾವೇ ಕಲಿತವರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಸ್ಟೇಜಿಗೆ ಬರುತ್ತಾರೆ. 2008ರ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೊ' ಉಂಟು. ಅಲ್ಲಿ ಆ ದೊಡ್ಡ ಕಂಠವೇ ನಡುಗಂಬ. ನಮ್ಮ ಯಕ್ಷಗಾನದ ಭಾಗವತರು ಪದ ಎತ್ತಿದಾಗ ಚೆಂಡೆ ಮದ್ದಳೆ ಜೊತೆಗೆ ಹೋಗುವುದಿಲ್ವಾ, ಹಾಗೆ ವಾದ್ಯಗಳೆಲ್ಲ ಆ ಕಂಠದ ಜೊತೆಗೆ ಹೋಗುತ್ತವೆ.

ಸ್ವರಾತ್ಮ ಕೇಳುವಾಗ ನನಗೆ ತಾಳಮದ್ದಳೆಯ ನೆನಪು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರ ಉತ್ತರ. ಸಂಜೀವ್ ನಾಯಕ್ ಅವರ ವಯಲಿನ್ ಒಂದು ಮಾತು ಹೇಳುತ್ತದೆ, ಗಿಟಾರ್ ಅದಕ್ಕೆ ಎದುರು ಮಾತಾಡುತ್ತದೆ. 2009ರ ಆಲ್ಬಮ್‌ನ 'ಪ್ಯಾಸಿ' ಹಾಡು ಕಾವೇರಿ ನೀರಿನ ಜಗಳದ ಬಗ್ಗೆ. ನಮ್ಮ ಜಾತ್ರೆ ಮೆರವಣಿಗೆಯ ಕೀಲುಕುದುರೆಯ ಹಾಗಿನ ಕುದುರೆ ಕಟ್ಟಿಕೊಂಡು ವಾಸು ಕುಣಿಯುತ್ತಾರೆ.

ಅಣ್ಣನಿಗೆ ಗೆಜ್ಜೆ, ತಮ್ಮನಿಗೆ ಕುದುರೆ. ಯಾರು ಹೆಚ್ಚು ಅಂತ ನಾನೂ ಮೊದಲು ಯೋಚಿಸಿದೆ. ಆಮೇಲೆ ನನಗೇ ನಾಚಿಕೆ ಆಯಿತು. ನನಗೆ ಊರವರು ಮಾಡಿದ್ದೂ ಅದನ್ನೇ ಅಲ್ವಾ?

ಅಣ್ಣನ ಶ್ರುತಿ ನನಗೆ ಏರುವುದಿಲ್ಲ. ಅದರಲ್ಲೇ ಹಾಡಲು ಹೋಗಿ ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು. ಕಳೆದ ಶನಿವಾರ ಭಜನೆಯಲ್ಲಿ ಹಾರ್ಮೋನಿಯಂನವರ ಹತ್ತಿರ ಶ್ರುತಿ ಇಳಿಸಿ ಅಂದೆ. ಅಣ್ಣ ಏನೂ ಹೇಳದೆ ನನ್ನ ಕೈಯಿಂದ ತಾಳ ತೆಗೆದುಕೊಂಡ. ಹಾಡಿದೆ. ಎರಡನೇ ಚರಣದಲ್ಲಿ ತಪ್ಪಿತು, ಆದರೂ ಮುಗಿಸಿದೆ.

"ಅಣ್ಣನ ಹಾಗೆ ಆಗ್ಲಿಲ್ಲ" ಅಂದರು ಯಾರೋ.

"ಅವನದ್ದು ಬೇರೆ" ಅಂದ ಅಣ್ಣ.

ಇವತ್ತು ಎರಡೂ ಬ್ಯಾಂಡ್ ಒಂದರ ಹಿಂದೆ ಒಂದು ಕೇಳಿ. ನಿಮ್ಮನ್ನು ಯಾರ ಜೊತೆ ಹೋಲಿಸುತ್ತಾರೆ? ಕಾಮೆಂಟಲ್ಲಿ ಬರೀರಿ, ಎಲ್ಲ ಓದ್ತೇನೆ.