ಉಜ್ಜಿದರೆ ಬೆಲೆ ಹೋಯ್ತು

ಹಳೇ ಪಾತ್ರೆ ಕಂಡರೆ ಹುಣಸೆಹಣ್ಣು ಹಾಕಿ ಉಜ್ಜೋದು ನಮ್ಮಮ್ಮನ ಅಭ್ಯಾಸ. ಹಾಸನದಿಂದ ಓಹಾಯೋದ ನಮ್ಮ ಮನೆಗೆ ಬಂದು ಆರು ತಿಂಗಳಿದ್ದಾಗಲೂ ಅದು ಬಿಡಲಿಲ್ಲ. ಹಾಗಾಗಿ ಪಕ್ಕದ ಮನೆ ಅಜ್ಜಿಯ ಪಿಸ್ತೂಲು ನೋಡಿದಾಗ ಅಮ್ಮ ಹೇಳಿದ ಮೊದಲ ಮಾತು, "ಚೆನ್ನಾಗಿ ಉಜ್ಜಿದ್ರೆ ಫಳಫಳ ಅನ್ನುತ್ತೆ ಕಣೋ."

ಅಜ್ಜಿಯ ಅಣ್ಣನ ಮಗನ ಯೋಚನೆಯೂ ಅದೇ. ಪಾಲಿಶ್ ಮಾಡಿಸಿ, ಹೊಸದಾಗಿ ಕಪ್ಪು ಬಣ್ಣ ಏರಿಸಿ ಮಾರೋಣ ಅಂತ. ಅಜ್ಜಿಗೆ ಮನೆಯ ಚಾವಣಿ ರಿಪೇರಿಗೆ ದುಡ್ಡು ಬೇಕಿತ್ತು. ಅದು ಅವರಪ್ಪ 1945ರಲ್ಲಿ ಯುದ್ಧ ಮುಗಿಸಿ ಜರ್ಮನಿಯಿಂದ ತಂದಿದ್ದ ಲೂಗರ್. ಜರ್ಮನ್ ಸೇನೆ 1908ರಲ್ಲಿ ಒಪ್ಪಿಕೊಂಡ ಮಾದರಿ, ಅದಕ್ಕೇ ಪಿ08 ಅನ್ನುತ್ತಾರೆ. ಗುಂಡು ಹಾರಿದಾಗ ಮೇಲ್ಭಾಗ ಮಂಡಿಯ ಹಾಗೆ ಮಡಚಿಕೊಂಡು ಮೇಲೇಳುತ್ತದೆ.

ಬಣ್ಣ ಏರಿಸುವ ಮೊದಲು ಸಂಗ್ರಹಕಾರರೊಬ್ಬರಿಗೆ ತೋರಿಸೋಣ ಅಂದೆ. ಬಂದವರು ಪಿಸ್ತೂಲು ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಆಮೇಲೆ ಭೂತಗನ್ನಡಿ ತೆಗೆದರು. ಮೇಲೆ 1936 ಅಂತ ಇಸವಿ, ಎಸ್/42 ಅಂತ ಗುರುತು. ಮೌಸರ್ ಕಾರ್ಖಾನೆ ತನ್ನ ಹೆಸರು ಮುಚ್ಚಿಟ್ಟು ಹಾಕುತ್ತಿದ್ದ ಸಂಕೇತ ಅದು. ಸೀರಿಯಲ್ ನಂಬರಿನ ಕೊನೆಯ ಎರಡಂಕಿ ಸಣ್ಣ ಸಣ್ಣ ಭಾಗಗಳ ಮೇಲೂ ಇರುತ್ತದೆ. ಒಂದೊಂದನ್ನೇ ನಾನು ಫೋನಿನಲ್ಲಿ ಝೂಮ್ ಮಾಡಿ ಓದಿದೆ. ಎಲ್ಲವೂ ಸರಿಹೊಂದಿದವು. ಮ್ಯಾಗಜಿನ್‌ನ ತಳದಲ್ಲಿ ಮಾತ್ರ ಬೇರೆ ನಂಬರು. ಅವರ ಮುಖ ಸ್ವಲ್ಪ ಚಿಕ್ಕದಾಯ್ತು.

ಆದರೆ ಬಣ್ಣದ ವಿಷಯಕ್ಕೆ ಬಂದಾಗ ದನಿಯೇ ಬದಲಾಯ್ತು. ಆ ಕಾಲದಲ್ಲಿ ಉಕ್ಕಿಗೆ ಬೇಕಂತಲೇ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ, ಮತ್ತೆ ತುಕ್ಕು ಹಿಡಿಸಿ ಆ ಕಡುನೀಲಿ ಕಪ್ಪು ತರುತ್ತಿದ್ದರಂತೆ. ಟ್ರಿಗರ್, ಸೇಫ್ಟಿಯಂಥ ಕೆಲವು ಭಾಗಗಳಿಗೆ ಮಾತ್ರ ಹದವಾಗಿ ಕಾಯಿಸಿದಾಗ ಬರುವ ಒಣಹುಲ್ಲಿನ ಹಳದಿ. ಕೆಲವೇ ವರ್ಷಗಳಲ್ಲಿ ಮೌಸರ್‌ನವರು ಈ ಎರಡನ್ನೂ ಬಿಟ್ಟರು. ಯಂತ್ರದಲ್ಲಿ ಪಾಲಿಶ್ ಮಾಡಿದರೆ ಅಂಚುಗಳು ದುಂಡಗಾಗುತ್ತವೆ, ಮುದ್ರೆಗಳು ಮಸುಕಾಗುತ್ತವೆ, ಆ ಹಳದಿ ಹೋಗಿಬಿಡುತ್ತದೆ. ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ನಳಿಕೆಯ ತುದಿಯಲ್ಲಿ ಬಣ್ಣ ಹೋಗಿತ್ತಲ್ಲ, ಅದೂ ಹಾಗೇ ಇರಲಿ ಅಂದರು. ಹೊಸ ಬಣ್ಣ ಬಳಿದಿದ್ದರೆ ಬೆಲೆ ಅರ್ಧಕ್ಕಿಂತ ಕೆಳಗೆ ಇಳೀತಿತ್ತು.

ನನಗೆ ಬಂದೂಕಿನ ಮೇಲೆ ಪ್ರೀತಿ ಏನಿಲ್ಲ. ನಾಜಿ ಕಾಲದ ಸೇನೆಗೆ ಅಂತಲೇ ಮಾಡಿದ ವಸ್ತು, ಕೈಗೆ ತಗೊಂಡಾಗ ಇರುಸುಮುರುಸೇ ಆಯ್ತು. ಯಾವ ಜರ್ಮನ್ ಸೈನಿಕನ ಸೊಂಟದಲ್ಲಿತ್ತೋ, ಅವನು ಏನಾದನೋ.

"ಇದನ್ನು ತರೋಕೆ ಅನುಮತಿ ಪತ್ರ ಏನಾದರೂ ಇದೆಯಾ?" ಅಂತ ಅವರು ಕೇಳಿದರು. ಆಗ ಅಮೆರಿಕನ್ ಸೈನಿಕರು ಇಂಥ ವಸ್ತು ಮನೆಗೆ ತರಲು ಮೇಲಧಿಕಾರಿಯ ಸಹಿ ಬೇಕಿತ್ತು. ಅಜ್ಜಿ ಒಳಗೆ ಹೋಗಿ ಬಿಸ್ಕತ್ ಡಬ್ಬಿ ತಂದರು. ನಾಲ್ಕು ಮಡಿಕೆಯ ಕಾಗದ. ಅವರಪ್ಪನ ಹೆಸರು, ಅದೇ ಸೀರಿಯಲ್ ನಂಬರು. ಈ ಕಾಗದವೂ ಜೊತೆಗಿದ್ದರೆ ಇನ್ನಷ್ಟು ಸೇರಿಸಿ ಕೊಡ್ತೀನಿ ಅಂದರು ಅವರು.

ಅಜ್ಜಿ ಕಾಗದವನ್ನು ಮತ್ತೆ ಮಡಚಿದರು. "ಪಿಸ್ತೂಲು ತಗೊಂಡು ಹೋಗಿ. ಇದು ಇಲ್ಲೇ ಇರುತ್ತೆ."

ಚಾವಣಿಯ ಮುಂಭಾಗದ ಕೆಲಸ ಮುಗಿದಿದೆ. ಹಿಂಭಾಗದ್ದು ಮುಂದಿನ ಬೇಸಿಗೆಗಂತೆ.