ಹಳೇ ರೇಟು

ಈಗ ಫೋನಲ್ಲಿ ಒಂದು ಪೇಜ್ ಬರೋದು ಮೂರು ಸೆಕೆಂಡ್ ತಡವಾದರೆ ಬೈಕೋತೀವಿ. ನಾನು ಕೆಲಸ ಕಲಿತದ್ದು 2004ರಲ್ಲಿ, ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಸಣ್ಣ ಕಂಪನಿಯೊಂದನ್ನು ಸೇರಿದಾಗ. ಕಾಲೇಜಲ್ಲಿ ಓದಿದ್ದೇ ಒಂದು, ಕೈಗೆ ಕೊಟ್ಟಿದ್ದೇ ಇನ್ನೊಂದು: ವ್ಯಾಪ್. ಎಚ್‌ಟಿಎಂಎಲ್ ಅಲ್ಲ, ಡಬ್ಲ್ಯುಎಂಎಲ್. ಅದರಲ್ಲಿ ಪೇಜ್ ಅನ್ನೋದೇ ಇಲ್ಲ. ಇಸ್ಪೀಟಿನ ಹಾಗೆ ಡೆಕ್ಕು, ಅದರೊಳಗೆ ಕಾರ್ಡುಗಳು. ಒಂದು ಟ್ಯಾಗ್ ಮುಚ್ಚೋದು ಮರೆತರೆ ಎರರ್ ತೋರಿಸಿ ಸುಮ್ಮನಾಗುತ್ತಿತ್ತು.

ಟೆಸ್ಟಿಂಗಿಗೆ ಇದ್ದದ್ದು 1999ರ ನೋಕಿಯಾ 7110. ಪರದೆ 96 ಬೈ 65 ಪಿಕ್ಸೆಲ್. ಡೆಕ್ಕು ಸುಮಾರು 1400 ಬೈಟ್ ದಾಟಿದರೆ ಅದು ಮುಟ್ಟುತ್ತಿರಲಿಲ್ಲ. ಕನ್ನಡದಲ್ಲಿ 'ತಿಪಟೂರು' ಅಂತ ಯೂನಿಕೋಡಿನಲ್ಲಿ ಬರೆದರೆ 21 ಬೈಟ್, ಇಂಗ್ಲಿಷಿನಲ್ಲಾದರೆ 6. ಅಷ್ಟು ಖರ್ಚು ಮಾಡಿದರೂ ಕಾಣೋದು ಬರೀ ಚೌಕದ ಡಬ್ಬಿಗಳು!

ತಿಪಟೂರೇ ಯಾಕೆ ಅಂದರೆ, ನಮ್ಮೂರು ಅಲ್ಲೇ ಪಕ್ಕ. ಅಪ್ಪನದು ತೆಂಗಿನ ತೋಟ. ಮೊದಲ ಸಂಬಳದಲ್ಲಿ ಅಪ್ಪನಿಗೊಂದು ಸೆಕೆಂಡ್ ಹ್ಯಾಂಡ್ ಸೆಟ್ ಕೊಡಿಸಿ, ಅದಕ್ಕೆಂದೇ ಕೊಬ್ಬರಿ ರೇಟಿನ ಒಂದು ಡೆಕ್ಕು ಮಾಡಿದೆ. ಹರಾಜಿನ ದಿನ ಮಾರ್ಕೆಟ್ ಯಾರ್ಡಿನಿಂದ ಚಿಕ್ಕಪ್ಪನ ಮಗ ನನಗೆ ಫೋನ್ ಮಾಡೋನು, ನಾನು ಆಫೀಸಲ್ಲಿ ಕೂತು ರೇಟು ತುಂಬುತ್ತಿದ್ದೆ. ಅಪ್ಪ ಊರಲ್ಲಿ ಮಹಡಿ ಹತ್ತಿ, ಸಿಗ್ನಲ್ ಹುಡುಕಿ ನೋಡೋರು. ಬರೀ ಅಂಕಿ ತಾನೇ, ಇಂಗ್ಲಿಷ್ ಬೇಕಿರಲಿಲ್ಲ. ಬಂದವರಿಗೆಲ್ಲ ತೋರಿಸಿ "ನನ್ ಮಗ ಮಾಡಿದ್ದು" ಅಂತಿದ್ದರಂತೆ.

ಒಂದು ವಾರ ರೇಟು ಕ್ವಿಂಟಲ್‌ಗೆ 300 ರೂಪಾಯಿ ಏರಿತು. ನಾನು ತಕ್ಷಣ ತುಂಬಿದ್ದೆ. ಆದರೆ ಅಪ್ಪ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಎಂಟು ಕ್ವಿಂಟಲ್ ಹಳೇ ರೇಟಿಗೇ ಕೊಟ್ಟುಬಿಟ್ಟಿದ್ದರು. 2400 ರೂಪಾಯಿ! ನನಗೆ ಹೇಳಿದ್ದು ಅಮ್ಮ. ಅಪ್ಪನನ್ನು ಕೇಳಿದರೆ, "ಫೋನ್ ನೋಡೇ ಕೊಟ್ಟೆ ಕಣೋ" ಅಂದರು, ಅಷ್ಟೇ. ಬೈದಿದ್ದರೆ ಒಳ್ಳೇದಿತ್ತು.

ಆ ರಾತ್ರಿ ಆಫೀಸಲ್ಲೇ ಕೂತೆ. ಕೋಡ್ ಸರಿಯಿತ್ತು, ಸರ್ವರಲ್ಲಿ ಹೊಸ ರೇಟೇ ಇತ್ತು. ಸಿಕ್ಕಿಬಿದ್ದದ್ದು ಕ್ಯಾಶ್. ಒಮ್ಮೆ ತಂದ ಡೆಕ್ಕನ್ನು ಫೋನು ಒಳಗೇ ಇಟ್ಟುಕೊಂಡಿತ್ತು. ಮತ್ತೆ ಕೇಳಿದಾಗ ಸರ್ವರಿಗೆ ಹೋಗದೆ ಅದನ್ನೇ ತೋರಿಸಿತ್ತು. ಪ್ರತಿ ಸಲ ಹೊಸದಾಗಿ ಕೇಳು ಅಂತ ಹೆಡರಿನಲ್ಲಿ ಒಂದು ಸಾಲು ಬರೆಯಬೇಕಿತ್ತು, ಬರೆದಿರಲಿಲ್ಲ. ನಾನು ಎಮ್ಯುಲೇಟರಲ್ಲಿ ನೋಡುವಾಗ ಪ್ರತಿ ಸಲ ಕ್ಯಾಶ್ ಅಳಿಸಿಯೇ ನೋಡುತ್ತಿದ್ದೆ. ಅಪ್ಪನ ಹಾಗೆ ಒಂದೇ ಪೇಜನ್ನು ದಿನಾ ತೆರೆದು ನೋಡಿದ್ದೇ ಇಲ್ಲ.

ಸಾಲು ಸೇರಿಸಿ, ಮುಂದಿನ ಶನಿವಾರ ಊರಿಗೆ ಹೋಗಿ, ಅಪ್ಪನ ಎದುರೇ ತೆರೆದು ತೋರಿಸಿದೆ. ಹೊಸ ರೇಟು ಬಂತು. ಅಪ್ಪ ಸ್ವಲ್ಪ ಹೊತ್ತು ನೋಡಿದರು.

"ಅಲ್ವೋ, ಅವನು ನಿಂಗೆ ಫೋನ್ ಮಾಡೋ ಬದ್ಲು ನಂಗೇ ಮಾಡಬಹುದಲ್ವಾ?"

ಆಮೇಲೆ ಹಾಗೇ ಮಾಡಿದರು. ಡೆಕ್ಕನ್ನು ಮಾತ್ರ ನಾನು ಇನ್ನೂ ಎರಡು ವರ್ಷ ತುಂಬಿದೆ. ಬಂದವರಿಗೆ ತೋರಿಸೋಕೆ ಬೇಕಿತ್ತಲ್ಲ.